ಮಾಯಾ ಜನರ ಬೆಂಕಿ ಪೂಜೆಯಲ್ಲಿ ಹುಟ್ಟುಹಬ್ಬ: ಮನೆಮಂದಿಯೆಲ್ಲ ಹೋಗಬಹುದಾ?

ನೀವು ಕೇಳಿದ್ದು ಎರಡು ವಿಷಯ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮೂಲನಿವಾಸಿಗಳಾದ ಮಾಯಾ ಜನ ಈಗಲೂ ಮಾಡುವ ಬೆಂಕಿ ಪೂಜೆಗೆ ನಮ್ಮಂಥವರು ಹೋಗಬಹುದಾ, ಹುಟ್ಟುಹಬ್ಬದ ನೆಪದಲ್ಲಿ ಮಕ್ಕಳನ್ನೂ ಕರ್ಕೊಂಡು ಹೋದರೆ ತಪ್ಪಾಗುತ್ತಾ ಅಂತ. ಹೋಗಬಹುದು, ತಪ್ಪೇನಿಲ್ಲ. ಆದರೆ ಅಲ್ಲಿನ ಒಂದು ಮನೆಯವರು ಕರೆದರೆ ಹೋಗಿ. ನಾವು ಹೋಗಿದ್ದು ಹಾಗೇ.

ಗಂಡನ ಕೆಲಸಕ್ಕಾಗಿ ನಾವು ಆಗ ಗ್ವಾಟೆಮಾಲಾ ಸಿಟಿಯಲ್ಲಿದ್ದೆವು. ಹಾವೇರಿ ಕಡೆಯಿಂದ ಅಮ್ಮ ಬಂದು ನಮ್ಮ ಜೊತೆ ಇದ್ದರು. ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡುತ್ತಿದ್ದ ಮೇಡಂ ಕಕ್ಚಿಕೆಲ್ ಮಾಯಾ ಸಮುದಾಯದವರು, ತೆಕ್ಪಾನ್ ಅನ್ನೋ ಊರಿನ ಹತ್ತಿರದ ಹಳ್ಳಿಯವರು. ನನ್ನ ಹುಟ್ಟುಹಬ್ಬದ ಮಾತು ಬಂದಾಗ ಹುಟ್ಟಿದ ತಾರೀಖು, ವರ್ಷ ಎರಡನ್ನೂ ಕೇಳಿ ಬರೆದುಕೊಂಡರು. ಆಮೇಲೊಂದು ದಿನ ಬಂದು, ನಿಮ್ಮ ದಿನ ಕ್ಯಾಲೆಂಡರಿನ ತಾರೀಖಲ್ಲ, ಅದಕ್ಕಿಂತ ಮೊದಲೇ ಬರುತ್ತೆ, ಅವತ್ತು ನಮ್ಮ ಮನೆಯವರೆಲ್ಲ ಪೂಜೆ ಇಟ್ಟುಕೊಂಡಿದ್ದೇವೆ, ಬನ್ನಿ ಅಂದರು.

ಲೆಕ್ಕ ಹೀಗಿದೆ. ಮಾಯಾ ಜನರ ಹತ್ತಿರ 365 ದಿನದ ವರ್ಷವೂ ಇದೆ, 260 ದಿನದ ಇನ್ನೊಂದು ಪಂಚಾಂಗವೂ ಇದೆ. ಮಾಯಾ ಭಾಷೆಗಳಲ್ಲೊಂದಾದ ಕಿಚೆಯಲ್ಲಿ ಅದಕ್ಕೆ ಚೊಲ್‌ಕಿಹ್ ಅಂತಾರೆ. ಅದರಲ್ಲಿ 20 ದಿನಗಳಿಗೆ 20 ಹೆಸರು, ಜೊತೆಗೆ 1ರಿಂದ 13ರವರೆಗಿನ ಅಂಕಿ. ಹೆಸರೂ ಅಂಕಿಯೂ ಒಟ್ಟಿಗೇ ಮುಂದೆ ಹೋಗುತ್ತಾ ಹೋದರೆ, ಅದೇ ಜೋಡಿ ಮತ್ತೆ ಬರೋದು 260 ದಿನ ಕಳೆದ ಮೇಲೆ. ತಾಯಿ ಮಗುವನ್ನು ಹೊಟ್ಟೆಯಲ್ಲಿ ಹೊರುವ ಕಾಲವೇ ಈ ಲೆಕ್ಕಕ್ಕೆ ಆಧಾರ ಅಂತ ಅಲ್ಲಿನ ಹಿರಿಯರು ಹೇಳ್ತಾರೆ. ನಾವು ಹುಟ್ಟಿದ ದಿನದ ಹೆಸರು ನಮ್ಮ ನವಾಲ್, ಕೊನೇವರೆಗೂ ಅದು ನಮ್ಮ ಜೊತೆಗಿರುತ್ತೆ ಅನ್ನೋದು ನಂಬಿಕೆ. ನನ್ನದು ಕಾನಿಲ್ ಅಂತ ಬಂತು. ಬೀಜದ ದಿನ, ಮೆಕ್ಕೆಜೋಳದ ದಿನ. ಅಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಯೇ ಬರಲಿಲ್ಲ. ಅವರು ಇವತ್ತಿಗೂ ತಾರೀಖು ನೋಡಲ್ಲ, ನಕ್ಷತ್ರ ನೋಡಿಯೇ ನನ್ನ ಹುಟ್ಟುಹಬ್ಬಕ್ಕೆ ಪಾಯಸ ಮಾಡೋದು.

ಪೂಜೆ ನಡೆದದ್ದು ಇಶಿಮ್‌ಚೆಯಲ್ಲಿ. ಸ್ಪ್ಯಾನಿಷರು ಬರುವ ಮೊದಲು ಕಕ್ಚಿಕೆಲ್ ರಾಜರ ರಾಜಧಾನಿ ಅದು. 1524ರಲ್ಲಿ ಸ್ಪ್ಯಾನಿಷರು ಗ್ವಾಟೆಮಾಲಾದ ತಮ್ಮ ಮೊದಲ ರಾಜಧಾನಿಯನ್ನೂ ಅಲ್ಲೇ ಮಾಡಿಕೊಂಡರು. ಈಗ ಉಳಿದಿರೋದು ಕಲ್ಲಿನ ಜಗಲಿಗಳು, ಹುಲ್ಲು, ಸುತ್ತ ಪೈನ್ ಮರಗಳು. ಪ್ರವಾಸಿಗರು ಮುಂದಿನ ಅಂಗಳಗಳನ್ನು ನೋಡಿ ವಾಪಸ್ ಹೋಗ್ತಾರೆ. ಹಿಂದುಗಡೆ ಮರಗಳ ನೆರಳಿನಲ್ಲಿ ಮಸಿ ಹಿಡಿದ ಪೂಜೆಯ ಜಾಗಗಳಿವೆ, ಅಲ್ಲಿ ಈಗಲೂ ಬೆಂಕಿ ಉರಿಯುತ್ತೆ. 2007ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಅಲ್ಲಿಗೆ ಬಂದು ಹೋದ ಮೇಲೆ ಮಾಯಾ ಹಿರಿಯರು ಆ ಜಾಗವನ್ನು ಶುದ್ಧಿ ಮಾಡಿದರು. ಅದು ಅವರ ಪಾಲಿಗೆ ಎಷ್ಟು ಜೀವಂತ ಜಾಗ ಅನ್ನೋದಕ್ಕೆ ಇಷ್ಟು ಸಾಕಲ್ವಾ?

ಪೂಜೆ ನಡೆಸುವವರನ್ನು ಅಹ್‌ಕಿಹ್ ಅಂತಾರೆ, ದಿನಗಳ ಲೆಕ್ಕ ಇಡುವವರು. ಗಂಡಸರೂ ಇರ್ತಾರೆ, ಹೆಂಗಸರೂ ಇರ್ತಾರೆ. ನಮಗೆ ಮಾಡಿಸಿದ್ದು ಒಬ್ಬ ಹಿರಿಯ ಹೆಂಗಸು. ಮೊದಲು ನೆಲದ ಮೇಲೆ ಸಕ್ಕರೆಯಿಂದ ಒಂದು ದೊಡ್ಡ ವೃತ್ತ ಬರೆದರು. ಬೆರಳ ಸಂದಿಯಿಂದ ಸಕ್ಕರೆ ಒಂದೇ ಸಮ ಇಳಿಯುತ್ತಿತ್ತು, ಗೆರೆ ಎಲ್ಲೂ ತುಂಡಾಗಲಿಲ್ಲ. ಅಮ್ಮ ಬಗ್ಗಿ ನೋಡುತ್ತಾ "ರಂಗೋಲಿ ಕೈ ಇವರದ್ದು" ಅಂದರು. ವೃತ್ತದೊಳಗೆ ನಾಲ್ಕು ದಿಕ್ಕಿಗೆ ಗೆರೆ ಎಳೆದು, ಅದರ ಮೇಲೆ ಕೋಪಾಲ್ ಅನ್ನೋ ಮರದ ಅಂಟಿನ ಧೂಪದ ಬಿಲ್ಲೆಗಳನ್ನು ಜೋಡಿಸಿದರು. ಆಮೇಲೆ ಮೇಣದ ಬತ್ತಿಗಳು. ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ, ದಕ್ಷಿಣಕ್ಕೆ ಹಳದಿ. ನಡುವೆ ಆಕಾಶಕ್ಕೆ ನೀಲಿ, ಭೂಮಿಗೆ ಹಸಿರು. ಸುತ್ತಲೂ ಹೂವು, ಎಳ್ಳು, ಚಾಕೊಲೇಟ್, ಜೇನುತುಪ್ಪ, ಸುರುಟು. ಎಲ್ಲ ಬೆಂಕಿಗೆ ಹೋಗುತ್ತೆ.

ಬೆಂಕಿ ಹೊತ್ತಿದ ಮೇಲೆ ಅವರು 20 ದಿನಗಳನ್ನೂ ಒಂದೊಂದಾಗಿ ಕರೆದರು. ಪ್ರತಿ ಹೆಸರನ್ನೂ 1ರಿಂದ 13ರವರೆಗೆ ಎಣಿಸಿ ಹೇಳ್ತಾರೆ. ಅಂದರೆ 260 ದಿನಗಳೂ ಆ ಬೆಂಕಿ ಮುಂದೆ ಬಂದು ಹೋಗುತ್ತವೆ. ಪ್ರತಿ ಹೆಸರಿಗೂ ನಾವು ಒಂದು ಚಿಟಿಕೆ ಎಳ್ಳು ಹಾಕ್ತಿದ್ದೆವು, ಅದು ಚಟಪಟ ಸಿಡಿಯುತ್ತಿತ್ತು. ಕೋಲಿನಿಂದ ಬೆಂಕಿ ಕೆದಕುತ್ತಾ ಜ್ವಾಲೆ ಯಾವ ಕಡೆ ವಾಲುತ್ತೆ, ಎಲ್ಲಿ ಸುಳಿ ಸುತ್ತುತ್ತೆ ಅಂತ ಆಕೆ ನೋಡುತ್ತಲೇ ಇದ್ದರು. ಕೇಳಿದ್ದಕ್ಕೆ ಉತ್ತರ ಆ ಜ್ವಾಲೆಯಿಂದ ಬರುತ್ತೆ ಅನ್ನೋದು ಅವರ ನಂಬಿಕೆ.

ಕಾನಿಲ್ ಸರದಿ ಬಂದಾಗ ನನ್ನನ್ನು ಮುಂದೆ ಕರೆದು ಮಂಡಿಯೂರಿಸಿ, ಕೈಗೆ ಬತ್ತಿ ಕೊಟ್ಟರು. ಯಾರೂ ನನಗೆ ಶುಭಾಶಯ ಹೇಳಲಿಲ್ಲ. ವಯಸ್ಸೆಷ್ಟು ಅಂತ ಕೇಳಲಿಲ್ಲ. ಎಲ್ಲರೂ ಥ್ಯಾಂಕ್ಸ್ ಹೇಳಿದ್ದು ಆ ದಿನಕ್ಕೆ. ನನ್ನನ್ನು ಈ ಲೋಕಕ್ಕೆ ಕರೆದುಕೊಂಡು ಬಂದ ದಿನ ಅದು, ಇವತ್ತು ಮತ್ತೆ ಬಂದಿದೆ, ಅದನ್ನು ಸುಮ್ನೆ ಕಳಿಸಬಾರದು. ಅಷ್ಟೇ ಅದರ ಭಾವ. ನನಗೆ ಇದು ತುಂಬಾ ಇಷ್ಟವಾಯಿತು. ಪಕ್ಕದಲ್ಲಿ ಅಮ್ಮನನ್ನೂ ಕೂರಿಸಿದರು, ಹೆತ್ತವರಿಗೂ ಅದು ದೊಡ್ಡ ದಿನ ಅಂತ. ಅಮ್ಮ ಅತ್ತುಬಿಟ್ಟರು.

ಮೆಕ್ಕೆಜೋಳದ ವಿಷಯ ಹೇಳಲೇಬೇಕು. ದೇವರುಗಳು ಮನುಷ್ಯನನ್ನು ಮಾಡಿದ್ದೇ ಜೋಳದ ಹಿಟ್ಟಿನಿಂದ ಅಂತ ಕಿಚೆ ಪುರಾಣ ಹೇಳುತ್ತೆ. ಹಳದಿ, ಬಿಳಿ, ಕೆಂಪು, ಕಪ್ಪು, ನಾಲ್ಕೂ ಬಣ್ಣದ ತೆನೆ ಪೂಜೆಯಲ್ಲಿತ್ತು. ಅಮ್ಮ ಗೋವಿನಜೋಳದ ಹೊಲದಲ್ಲೇ ಬೆಳೆದವರು, ಹಳದಿ ಬಿಟ್ಟು ಬೇರೆ ಕಂಡಿರಲಿಲ್ಲ. ಪೂಜೆ ಮುಗಿದ ಮೇಲೆ ಮೇಡಂ ಅವರ ಅತ್ತೆ ಮತ್ತು ಅಮ್ಮ ಕಪ್ಪು ತೆನೆ ಬಿಡಿಸುತ್ತಾ ತುಂಬಾ ಹೊತ್ತು ಕೂತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಹಾವೇರಿ, ದಾವಣಗೆರೆ ಹೊಲಗಳಲ್ಲಿ ಇವತ್ತು ತುಂಬಿರುವ ಈ ಬೆಳೆಯನ್ನು ಸುಮಾರು 9000 ವರ್ಷದ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದ್ದು ಪಕ್ಕದ ಮೆಕ್ಸಿಕೋದ ರೈತರು. ಅಹ್‌ಕಿಹ್‌ಗಳು ಭವಿಷ್ಯ ಕೇಳೋಕೆ ಎಣಿಸುವ ಕೆಂಪು ಬೀಜ ಕೂಡ ನಮಗೆ ದೂರದ್ದಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಹಾಲವಾಣದ ಬಳಗದ ಮರದ್ದೇ ಬೀಜ ಅದು.

ಇನ್ನು ನಾನು ಯಾಕೆ ಕರೆದರೆ ಮಾತ್ರ ಹೋಗಿ ಅಂತೀನಿ ಅಂದರೆ, ಈ ಪೂಜೆಗಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. ಚರ್ಚು ಶತಮಾನಗಟ್ಟಲೆ ಇದನ್ನು ದೆವ್ವದ ಪೂಜೆ ಅಂತ ತುಳಿಯಿತು. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸುಮಾರು 2 ಲಕ್ಷ ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ ಅಂತ ಸತ್ಯಶೋಧನಾ ಆಯೋಗವೇ ಬರೆದಿದೆ. ಆಗ ಎಷ್ಟೋ ಕಡೆ ಪೂಜೆಗಳು ಗುಟ್ಟಾಗಿ ನಡೆದವು. ಅದೆಲ್ಲ ಹಳೇ ಕತೆ ಅಂದುಕೊಳ್ಳಬೇಡಿ. 2020ರ ಜೂನ್‌ನಲ್ಲಿ ಪೆತೆನ್ ಪ್ರಾಂತ್ಯದಲ್ಲಿ ಡೊಮಿಂಗೊ ಚೊಕ್ ಅನ್ನೋ ಗಿಡಮೂಲಿಕೆ ಬಲ್ಲ ಹಿರಿಯರನ್ನು ಮಾಟಗಾರ ಅಂತ ಆರೋಪಿಸಿ ಜೀವಂತ ಸುಟ್ಟರು. ಇಂಥ ಜನ ನಮ್ಮನ್ನು ತಮ್ಮ ಬೆಂಕಿ ಹತ್ತಿರ ಕೂರಿಸಿಕೊಳ್ಳುವುದು ಸಣ್ಣ ವಿಷಯವಲ್ಲ.

ಅತಿತ್ಲಾನ್ ಸರೋವರದ ಸುತ್ತ, ಅದರಲ್ಲೂ ಸಾನ್ ಮಾರ್ಕೋಸ್ ಊರಿನಲ್ಲಿ, ಕೋಕೋ ಸೆರೆಮನಿ (ಕೋಕೋ ಕುಡಿದು ಮಾಡುವ ಆಚರಣೆ) ಅಂತ ಬೋರ್ಡುಗಳು ಜಾಸ್ತಿ. ಈಗ ಅಲ್ಲಿ ನಡೆಯೋದು ಹೆಚ್ಚಾಗಿ ಹೊರದೇಶದವರು ರೂಪಿಸಿದ ಹೊಸ ಪದ್ಧತಿ. ಅದಕ್ಕೆ ಹೋಗಿ ಬಂದು ಮಾಯಾ ಪೂಜೆ ನೋಡಿದೆ ಅನ್ನಬೇಡಿ.

ಕರೆ ಬಂದರೆ ಸಾಮಗ್ರಿಯ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ, ಬತ್ತಿ, ಹೂವು ತಗೊಂಡು ಹೋಗಿ. ಫೋಟೋ ತೆಗೆಯೋ ಮೊದಲು ಕೇಳಿ. ಬೇಡ ಅಂದರೆ ಫೋನ್ ಬ್ಯಾಗಿಗೆ ಹಾಕಿಬಿಡಿ. ಮಕ್ಕಳನ್ನು ಧಾರಾಳವಾಗಿ ಕರ್ಕೊಂಡು ಹೋಗಿ, ಅವರ ಮನೆ ಮಕ್ಕಳೂ ಅಲ್ಲೇ ಓಡಾಡಿಕೊಂಡಿರ್ತಾರೆ. ಪೂಜೆ ಗಂಟೆಗಟ್ಟಲೆ ನಡೆಯುತ್ತೆ, ಹೊಗೆ ದಟ್ಟ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಗಾಳಿ ಬರುವ ಕಡೆ ಕೂರಿಸಿ. ಇಶಿಮ್‌ಚೆ 2000 ಮೀಟರಿಗಿಂತ ಎತ್ತರದಲ್ಲಿದೆ, ಬಿಸಿಲಿದ್ದರೂ ಚಳಿ ಇರುತ್ತೆ, ಸ್ವೆಟರ್ ಮರೀಬೇಡಿ.