ಸಮೋವನ್ ಭಾಷೆ, ಸ್ಕ್ರೀನ್ ಪ್ರೊಡಕ್ಷನ್: ಎರಡೂ ಒಟ್ಟಿಗೆ ಓದಬಹುದಾ?

ನಿಮ್ಮ ಮಗಳು ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿ ಸ್ಕ್ರೀನ್ ಪ್ರೊಡಕ್ಷನ್, ಅಂದರೆ ಸಿನಿಮಾ ತಯಾರಿಕೆ, ಜೊತೆಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಸಮೋವನ್ ಭಾಷೆಯನ್ನೂ ಓದಬೇಕು ಅಂತಿದ್ದಾಳೆ, ಸುಮ್ನೆ ಟೈಮ್ ವೇಸ್ಟ್ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಅಲ್ಲಿನ ಬಿಎ ಮೂರು ವರ್ಷದ್ದು, 360 ಪಾಯಿಂಟ್ (ಕ್ರೆಡಿಟ್ ಇದ್ದ ಹಾಗೆ). ಎರಡು ಮೇಜರ್, ಅಂದರೆ ಮುಖ್ಯ ವಿಷಯ, ತೆಗೆದುಕೊಳ್ಳುವುದು ಮಾಮೂಲಿ.

ನ್ಯೂಜಿಲೆಂಡ್‌ನಲ್ಲಿ ಇಂಗ್ಲಿಷ್, ಮಾವೊರಿ ಬಿಟ್ಟರೆ ಅತಿ ಹೆಚ್ಚು ಜನ ಆಡುವ ಭಾಷೆ ಸಮೋವನ್. ಪೂರ್ತಿ ಸಮೋವನ್‌ನಲ್ಲೇ ತೆಗೆದ ಮೊದಲ ಕಥಾಚಿತ್ರ ಬಂದದ್ದು 2011ರಲ್ಲಿ, ಟೂಸಿ ತಮಾಸೆಸೆ ಅವರ 'ಒ ಲೆ ತುಲಾಫಲೆ'. ಅಂದರೆ ಮಾಡುವ ಕೆಲಸ ಇನ್ನೂ ಜಾಸ್ತಿ ಇದೆ.

ಎರಡು ವಿಷಯಗಳೂ ಸೇರುವುದು ಸಂಭಾಷಣೆಯಲ್ಲಿ. ಸಮೋವನ್‌ನಲ್ಲಿ ಚರ್ಚ್‌ನಲ್ಲಿ, ಶಾಲೆಯಲ್ಲಿ, ಬರಹದಲ್ಲಿ 'ತ' ಅನ್ನುವ ಕಡೆ ಮನೆಮಾತಿನಲ್ಲಿ 'ಕ' ಬರುತ್ತದೆ. ನಮ್ಮಲ್ಲಿ 'ಮಾಡುತ್ತೇನೆ', 'ಮಾಡ್ತೀನಿ' ಇದ್ದ ಹಾಗೆ ಅಂದುಕೊಳ್ಳಿ. ಅಡುಗೆಮನೆಯ ಜಗಳವನ್ನು 'ತ'ದಲ್ಲಿ ಬರೆದರೆ ಪಾತ್ರಗಳು ಪ್ರವಚನ ಕೊಟ್ಟಂತೆ ಕೇಳಿಸುತ್ತದೆ! ಇದರ ಮೇಲೆ ಮರ್ಯಾದೆಯ ಮಾತು ಬೇರೆ. ಮತಾಯಿ, ಅಂದರೆ ಕುಟುಂಬದ ಮುಖ್ಯಸ್ಥರು, ಊಟ ಮಾಡಿದರು ಅನ್ನಲು ಕೂಡ ಬೇರೆಯೇ ಪದ ಬಳಸಬೇಕು. ಇದೆಲ್ಲ ಸಬ್‌ಟೈಟಲ್ ನೋಡಿ ಕಲಿಯುವಂಥದ್ದಲ್ಲ.

ಸೇರುವ ಮುಂಚೆ ಎರಡು ವಿಷಯ ಕೇಳಿಸಿ. ಭಾಷೆಯ ಆರಂಭದ ಕೋರ್ಸ್ ಗೊತ್ತಿಲ್ಲದವರಿಗೂ ಇದೆಯಾ? ಸಿನಿಮಾ ಕೋರ್ಸ್‌ನಲ್ಲಿ ಕ್ಯಾಮೆರಾ ಕೈಗೆ ಸಿಗುತ್ತದಾ, ಇಲ್ಲ ಬರೀ ವಿಮರ್ಶೆ ಓದಿಸುತ್ತಾರಾ? ಹೆಸರು ನೋಡಿ ಮೋಸಹೋಗುವವರು ಈ ಎರಡನೆಯದರಲ್ಲೇ ಜಾಸ್ತಿ.