ಮಂಗಳದಲ್ಲಿ ನೆಲೆಸುವ ಮೊದಲು

ಭೂಮಿ ಹಾಳಾಗುತ್ತಿದೆ, ಕೈಮೀರುವ ಮೊದಲೇ ಮಂಗಳ ಗ್ರಹದಲ್ಲಿ ನೆಲೆಯೂರಲು ಸಿದ್ಧರಾಗಬೇಡವೇ ಎಂದು ಕೇಳಿದ್ದೀರಿ. ನಿಮ್ಮ ಆತಂಕ ನನ್ನದೂ ಹೌದು. ಆದರೆ ಆ ದಾರಿ ನನಗೆ ಒಪ್ಪಿಗೆಯಿಲ್ಲ.

ಉಸಿರಾಟವೊಂದನ್ನೇ ನೋಡಿ. ಅಲ್ಲಿನ ವಾಯುವಿನ ಒತ್ತಡ ಇಲ್ಲಿನದರ ಶೇ. 1ಕ್ಕಿಂತ ಕಡಿಮೆ, ಅದರಲ್ಲೂ ಶೇ. 95ರಷ್ಟು ಇಂಗಾಲದ ಡೈಆಕ್ಸೈಡ್. ಮಂಗಳದ ನೆಲದಲ್ಲಿ ಓಡಾಡುವ ನಾಸಾದ ಯಂತ್ರವಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಉಪಕರಣ ಆ ಅನಿಲವನ್ನೇ ಒಡೆದು ಆಮ್ಲಜನಕ ತಯಾರಿಸಿತು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ 2021ರಿಂದ 2023ರವರೆಗೆ 16 ಬಾರಿ ಓಡಿ ಅದು ಕೊಟ್ಟದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ನಾಲ್ಕು ಗಂಟೆಗೂ ಸಾಲದು.

ಇಲ್ಲಿಯೇ ಮಾಡಿದ ಪ್ರಯೋಗವೂ ಇದೆ. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಬಯೋಸ್ಫಿಯರ್ 2 ಎಂಬ ಮುಚ್ಚಿದ ಗಾಜಿನ ಕಟ್ಟಡದೊಳಗೆ ಎಂಟು ಜನ ಎರಡು ವರ್ಷ ಬದುಕಲು ಹೊರಟರು. ಕಾಡು, ಪುಟ್ಟ ಕಡಲು, ಹೊಲ ಎಲ್ಲವೂ ಒಳಗಿದ್ದವು. ಆದರೂ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಿಡಗಳಿಗೆ ದಕ್ಕದೆ ಕಾಂಕ್ರೀಟ್ ಸೇರಿತು. ಸುಮಾರು ಶೇ. 21ರಷ್ಟಿದ್ದ ಆಮ್ಲಜನಕ ಶೇ. 14ರ ಆಸುಪಾಸಿಗೆ ಇಳಿದಾಗ ಹೊರಗಿನಿಂದ ತುಂಬಬೇಕಾಯಿತು. ಮಂಗಳದಲ್ಲಿ ಹಾಗೆ ತುಂಬುವವರು ಯಾರು?

ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣವಿದೆ. ಗುರುತ್ವ ಇಲ್ಲಿನದರ ಶೇ. 38 ಮಾತ್ರ, ಅಲ್ಲಿ ಹುಟ್ಟುವ ಮಗುವಿನ ಮೂಳೆಗಳು ಹೇಗೆ ಬೆಳೆಯುತ್ತವೆ ಎಂಬುದು ಯಾರಿಗೂ ತಿಳಿಯದು. ಆ ಮಗುವಿನ ಒಪ್ಪಿಗೆ ಕೇಳುವವರಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ವಿಜ್ಞಾನಿಗಳು ಹೋಗಲಿ, ಇದ್ದು ಕಲಿತು ಬರಲಿ. ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ. ನೆಲೆಸುವ ಮಾತು ಬೇರೆ. ಮೊದಲು ಅಂಥದೇ ಮುಚ್ಚಿದ ಕಟ್ಟಡದಲ್ಲಿ, ಹೊರಗಿನ ನೆರವಿಲ್ಲದೆ, ಹತ್ತು ವರ್ಷ ಇಲ್ಲಿಯೇ ಬದುಕಿ ತೋರಿಸಲಿ.