ಪಡುಗೋಡೆಗೆ ಯಾವ ಹೊದಿಕೆ ಬಾಳಿಕೆ ಬರುತ್ತದೆ?

ಕುಂಬಳೆಯ ಸಮೀಪದ ನಿಮ್ಮ ಮುರಕಲ್ಲಿನ ಮನೆಯ ಪಡುಗೋಡೆ ಮಳೆಗಾಲವಿಡೀ ಒದ್ದೆಯಾಗಿರುತ್ತದೆ, ಅದಕ್ಕೆ ಮರದ ಹಲಗೆ, ತಗಡು, ಫೈಬರ್ ಸಿಮೆಂಟ್ ಬೋರ್ಡ್ (ನಾರು ಬೆರೆಸಿದ ಸಿಮೆಂಟಿನ ಹಲಗೆ) ಇವುಗಳಲ್ಲಿ ಯಾವುದನ್ನು ಹೊದಿಸಬೇಕೆಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಫೈಬರ್ ಸಿಮೆಂಟ್ ಬೋರ್ಡೇ ಸೂಕ್ತ. ಅದಕ್ಕೆ ಗೆದ್ದಲು ಹಿಡಿಯುವುದಿಲ್ಲ, ನೀರಿಗೆ ಅದು ಕೊಳೆಯುವುದಿಲ್ಲ. ಮರ ಚೆಂದವೇ ಆದರೂ ನಮ್ಮ ಮಳೆಗೆ ಮತ್ತೆ ಮತ್ತೆ ಎಣ್ಣೆ ಹಚ್ಚಿ ಕಾಯಬೇಕು. ಕಬ್ಬಿಣದ ತಗಡಾದರೆ ಕಡಲ ಉಪ್ಪುಗಾಳಿಗೆ ಸ್ಕ್ರೂ ಹೊಡೆದ ತೂತಿನಿಂದಲೇ ತುಕ್ಕು ಹಿಡಿಯತೊಡಗುತ್ತದೆ.

ಆದರೆ ಹೊದಿಕೆಗಿಂತ ಮುಖ್ಯವಾದುದು ಅದರ ಹಿಂದಿನ ಸಂದು. ಮುರಕಲ್ಲು ನೀರು ಹೀರುವ ಕಲ್ಲು. ಹೀರಿದ್ದನ್ನು ಅದು ಗಾಳಿಗೆ ಬಿಟ್ಟುಕೊಡಬೇಕು. ಆದುದರಿಂದ ಬೋರ್ಡನ್ನು ಗೋಡೆಗೆ ನೇರವಾಗಿ ಅಂಟಿಸದೆ, ಅಲ್ಯೂಮಿನಿಯಂ ಪಟ್ಟಿಗಳನ್ನು ಲಂಬವಾಗಿ ಕೂರಿಸಿ, ಸುಮಾರು 25 ಮಿಲಿಮೀಟರ್ ಜಾಗ ಉಳಿಸಿ, ಕೆಳಗೂ ಮೇಲೂ ಗಾಳಿಯಾಡಲು ಬಿಟ್ಟು, ಇಲಿ ನುಗ್ಗದಂತೆ ಅಲ್ಲಿ ಸ್ಟೀಲಿನ ಬಲೆ ಹಾಕಿಸಿ. ಪಡುಗಡೆಗೆ ಮಡಲು (ತೆಂಗಿನ ಗರಿ) ಕಟ್ಟುತ್ತಿದ್ದ ನಮ್ಮ ಹಿರಿಯರ ಕ್ರಮದಲ್ಲೂ ಗಾಳಿಗೆ ಸಂದು ಬಿಡುವ ಇದೇ ಉಪಾಯವಿತ್ತು. ಬೋರ್ಡಿನ ಕತ್ತರಿಸಿದ ಅಂಚುಗಳಿಗೆ ನೀರು ತಡೆಯುವ ಸೀಲರ್ ಬಳಿಯದೆ ಕೂರಿಸಲು ಬಿಡಲೇಬೇಡಿ, ನೀರು ಒಳಸೇರುವುದು ಅಲ್ಲಿಂದಲೇ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಅಂಗಳದ ನೀರು ಸಿಡಿಯುವುದರಿಂದ ಕೆಳಗಿನ ಅಂಚು ನೆಲದಿಂದ ಅರ್ಧ ಅಡಿಯಾದರೂ ಮೇಲಿರಬೇಕು. ಗೋಡೆ ಪೂರ್ತಿ ಒಣಗಿರುವ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೆಲಸ ಮಾಡಿಸಿ.